ಒಂದನೇ ನಂಬರ್ ಕಡ್ಡಿ ಬಿತ್ತು, ಕೆಲಸ ಬಿಡಲಾ?

ಪ್ರಶ್ನೆ: ಹಾಂಗ್‌ಕಾಂಗ್‌ಗೆ ಹೋಗಿದ್ದಾಗ ವಾಂಗ್ ತಾಯ್ ಸಿನ್ ದೇವಸ್ಥಾನದಲ್ಲಿ ದೇವರನ್ನು ಕೇಳಲು ನಂಬರ್ ಹಾಕಿದ ಕಡ್ಡಿಗಳಿರುವ ಬಿದಿರಿನ ಡಬ್ಬಿ ಅಲ್ಲಾಡಿಸಿದೆ. ಒಂದನೇ ನಂಬರ್ ಕಡ್ಡಿ ಬಿತ್ತು. ಎಲ್ಲಕ್ಕಿಂತ ಶುಭ ಅಂದರು. ಕೆಲಸ ಬಿಟ್ಟು ಸ್ವಂತ ವ್ಯಾಪಾರ ಮಾಡಲಾ ಅಂತ ಕೇಳಿಕೊಂಡಿದ್ದೆ. ನಮ್ಮ ಕಡೆ ದೇವರ ಬಲಗಡೆಯಿಂದ ಹೂ ಬಿದ್ದರೆ ‘ಆಗುತ್ತೆ’ ಅಂತ ಅರ್ಥ ಅಲ್ವಾ? ಇದೂ ಹಾಗೇನಾ?

ಉತ್ತರ: ಪೂರ್ತಿ ಹಾಗಲ್ಲ. ಹೌದು-ಅಲ್ಲ ಕೇಳುವುದಕ್ಕೆ ಚೀನೀಯರಲ್ಲಿ ಬೇರೆಯೇ ದಾರಿ ಇದೆ. ಅರ್ಧಚಂದ್ರದಂಥ ಎರಡು ಮರದ ತುಂಡು. ಒಂದು ಬದಿ ಚಪ್ಪಟೆ, ಇನ್ನೊಂದು ಉಬ್ಬು. ನೆಲಕ್ಕೆ ಹಾಕಿದಾಗ ಒಂದರ ಚಪ್ಪಟೆ, ಇನ್ನೊಂದರ ಉಬ್ಬು ಮೇಲೆ ಬಂದರೆ ದೇವರು ಒಪ್ಪಿದ ಹಾಗೆ. ತೈವಾನ್‌ನಲ್ಲಿ ಕಡ್ಡಿ ತೆಗೆದ ಮೇಲೂ ‘ನನಗೆ ಕೊಟ್ಟಿದ್ದು ಇದೇನಾ’ ಅಂತ ಇವನ್ನು ಹಾಕಿ ಕೇಳುತ್ತಾರೆ.

ಕಡ್ಡಿ ಕೊಡುವುದು ಪದ್ಯ. ವಾಂಗ್ ತಾಯ್ ಸಿನ್‌ನಲ್ಲಿ 100 ಕಡ್ಡಿಗಳು. ಒಂದೊಂದಕ್ಕೂ ನಾಲ್ಕು ಸಾಲಿನ ಪದ್ಯ, ಅದಕ್ಕೊಂದು ಹಳೇ ಕಥೆ, ಜೊತೆಗೆ ಶುಭ-ಅಶುಭದ ದರ್ಜೆ. ಹೆಚ್ಚಿನವರು ದರ್ಜೆ ನೋಡಿ ಖುಷಿಪಟ್ಟು ಹೊರಟುಬಿಡುತ್ತಾರೆ. ನೋಡಬೇಕಾದ್ದು ಕಥೆಯನ್ನು.

ನಿಮಗೆ ಬಂದಿರುವುದು ಹಳೇ ಕಾಲದ ಚೀನಾದ ಜಿಯಾಂಗ್ ಜಿಯಾ ಮಂತ್ರಿಯಾದ ಕಥೆ. ಈತ ದೊಡ್ಡ ಬುದ್ಧಿವಂತ, ಆದರೆ ತಲೆ ನರೆಯುವವರೆಗೂ ಯಾರೂ ಕೇಳಲಿಲ್ಲ. ವೇಯ್ ನದಿ ದಡದಲ್ಲಿ ಗಾಳ ಹಾಕಿ ಕೂತಿರುತ್ತಿದ್ದ. ಗಾಳಕ್ಕೆ ಕೊಕ್ಕೆಯೇ ಇಲ್ಲ, ನೆಟ್ಟಗಿನ ಸೂಜಿ! ಇಷ್ಟ ಇರುವ ಮೀನು ತಾನಾಗೇ ಬರಲಿ ಅನ್ನುವ ಲೆಕ್ಕ. ಕೊನೆಗೆ ಬಂದಿದ್ದು ಝೌ ವಂಶದ ವೆನ್ ರಾಜ. ಬೇಟೆಗೆ ಬಂದವನು ಮುದುಕನ ಮಾತು ಕೇಳಿ ಜೊತೆಗೆ ಕರೆದುಕೊಂಡು ಹೋದ. ಪದ್ಯದಲ್ಲಿ ಬರುವ ಡ್ರ್ಯಾಗನ್, ಹುಲಿ, ಗಾಳಿ, ಮೋಡ ಹೇಳುವುದೂ ಇದನ್ನೇ: ಡ್ರ್ಯಾಗನ್‌ಗೆ ಮೋಡ, ಹುಲಿಗೆ ಗಾಳಿ ಸೇರುವಂತೆ ಸರಿಯಾದ ಒಡೆಯನಿಗೆ ಸರಿಯಾದ ಆಳು ಸಿಗುವ ಹೊತ್ತು.

ಹಾಗಾದರೆ ನಿಮ್ಮ ಪ್ರಶ್ನೆಗೆ? ಕೆಲಸಕ್ಕೆ ಒಳ್ಳೆಯ ಕಡ್ಡಿಯೇ, ಅನುಮಾನವಿಲ್ಲ. ಆದರೆ ಜಿಯಾಂಗ್ ಯಾರ ಬಾಗಿಲನ್ನೂ ತಟ್ಟಲಿಲ್ಲ, ಅವನನ್ನು ಹುಡುಕಿಕೊಂಡು ಬಂದರು. ಅದೂ ಅಲ್ಲದೆ ಅವನು ಸ್ವಂತ ಅಂಗಡಿ ಹಾಕಲಿಲ್ಲ, ರಾಜನ ಕೈಕೆಳಗೆ ಹೋದ. ನಾನಾದರೆ ಹೀಗೆ ಓದುತ್ತೇನೆ: ಬಂಡವಾಳ ಹಾಕುವವರೋ ದೊಡ್ಡ ಗಿರಾಕಿಯೋ ತಾವಾಗೇ ನಿಮ್ಮನ್ನು ಕರೆದಿದ್ದರೆ ಹೊರಡಿ. ಯಾರೂ ಕರೆದಿಲ್ಲ, ಸುಮ್ನೆ ಬೇಜಾರಾಗಿ ಬಿಡಬೇಕು ಅನಿಸಿದ್ದರೆ ಈ ಕಡ್ಡಿ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಎಷ್ಟೇ ಶುಭ ಅಂದರೂ ಕಡ್ಡಿಯೊಂದನ್ನೇ ನಂಬಿ ರಾಜೀನಾಮೆ ಬರೆಯಿರಿ ಅಂತ ನಾನು ಹೇಳಲಾರೆ.

ಅಂದಹಾಗೆ, ವ್ಯಾಪಾರದ ಜೊತೆಗೆ ಮನೆ, ಮದುವೆ ಅಂತ ಇನ್ನೇನಾದರೂ ಕೇಳಿಕೊಂಡಿದ್ದಿರಾ? ಒಂದು ಪ್ರಶ್ನೆಗೆ ಒಂದೇ ಕಡ್ಡಿ ಅನ್ನುವುದು ವಾಡಿಕೆ. ಇಂಟರ್ನೆಟ್‌ನಲ್ಲಿ ನಂಬರ್ ಹಾಕಿ ಹುಡುಕುವಾಗ ದೇವಸ್ಥಾನದ ಹೆಸರನ್ನೂ ಹಾಕಿ. ಅದೇ ಊರಿನ ಶಾ ಟಿನ್‌ನಲ್ಲಿರುವ ಚೆ ಕುಂಗ್ ದೇವಸ್ಥಾನದಲ್ಲಿ 96 ಕಡ್ಡಿ, ತೈವಾನ್‌ನ ಅನೇಕ ಕಡೆ 60. ಅಲ್ಲಿನ ಒಂದನೇ ನಂಬರಿನ ಪದ್ಯವೇ ಬೇರೆ.