ಕೀಚೈನ್‌ನೊಳಗಿನ ಚಿಟ್ಟೆ ತಾನಾಗಿ ಸತ್ತದ್ದಲ್ಲ

ಪ್ರಶ್ನೆ: ನಮ್ಮ ಹೋಂಸ್ಟೇಗೆ ಹತ್ತು ವರ್ಷ ತುಂಬುತ್ತಿದೆ. ನಿಜವಾದ ಚಿಟ್ಟೆ, ದುಂಬಿಗಳನ್ನು ಗಾಜಿನಂತೆ ಗಟ್ಟಿಯಾಗುವ ರೆಸಿನ್ ಅಂಟಿನಲ್ಲಿ ಕೂರಿಸಿ, ನಮ್ಮ ಹೆಸರು ಅಚ್ಚು ಹಾಕಿಸಿದ ಕೀಚೈನ್‌ಗಳನ್ನು ಅತಿಥಿಗಳಿಗೆ ಕೊಡೋಣ ಎಂದಿದ್ದೇವೆ. ತಾನಾಗಿ ಸತ್ತ ಕೀಟಗಳನ್ನಷ್ಟೇ ಬಳಸುವುದಾಗಿ ಮಾರುವವರು ಹೇಳುತ್ತಾರೆ. ಹೇಗೂ ಕೊಲ್ಲುವ ಕಾಫಿ ಕಾಂಡಕೊರಕವನ್ನಾದರೂ ಹಾಕಿಸಬಹುದೇ?
– ಓದುಗರು, ಮಡಿಕೇರಿ

ಉತ್ತರ: ಮಳೆಗಾಲ ಕಳೆದ ಮೇಲೆ ಈ ಪ್ರಶ್ನೆ ಬಂದದ್ದು ಇದು ನಾಲ್ಕನೇ ಸಲ. ನಾಲ್ವರಿಗೂ ಮಾರುವವರು ಹೇಳಿರುವುದು ಒಂದೇ ಸುಳ್ಳು. ತಾನಾಗಿ ಸತ್ತ ಚಿಟ್ಟೆಯನ್ನು ನಿಮ್ಮ ತೋಟದಲ್ಲೇ ಹುಡುಕಿ ನೋಡಿ. ಸಿಕ್ಕರೆ ರೆಕ್ಕೆಯ ಅಂಚು ಹರಿದಿರುತ್ತದೆ, ಬಣ್ಣದ ಪುಡಿ ಉದುರಿರುತ್ತದೆ. ಹೆಚ್ಚಿನ ಸಲ ಅದೂ ಸಿಗುವುದಿಲ್ಲ, ಇರುವೆಗಳು ಹೊತ್ತೊಯ್ದಿರುತ್ತವೆ. ಕೀಚೈನ್‌ನಲ್ಲಿರುವುದಕ್ಕೆ ನಾಲ್ಕೂ ರೆಕ್ಕೆ ಪೂರ್ತಿ, ಎರಡೂ ಮೀಸೆ ನೆಟ್ಟಗೆ. ಇನ್ನೂರಕ್ಕೆ ಇನ್ನೂರೂ ಹಾಗಿದ್ದರೆ ಅವು ಕೋಶದಿಂದ ಹೊರಬಂದ ಸ್ವಲ್ಪದರಲ್ಲೇ ಕೊಂದವು. ಸಾಕಿದ ಚಿಟ್ಟೆ ಎಂದರೂ ಅಷ್ಟೇ, ಕೊಲ್ಲಲೆಂದೇ ಸಾಕಿದ್ದು.

ನಾನೂ ಅಧ್ಯಯನಕ್ಕೆಂದು ಕೀಟಗಳಿಗೆ ಸೂಜಿ ಚುಚ್ಚಿದವನು. ಆದರೆ ನನ್ನ ಪೆಟ್ಟಿಗೆಯ ಪ್ರತಿ ಕೀಟದ ಕೆಳಗೂ ಚೀಟಿಯಿದೆ: ಎಲ್ಲಿ ಸಿಕ್ಕಿತು, ಎಂದು, ಯಾವ ಗಿಡದ ಮೇಲೆ. ನಾನಿಲ್ಲದ ಕಾಲಕ್ಕೂ ಆ ಜಾಗದಲ್ಲಿ ಏನಿತ್ತೆಂದು ಅದು ಹೇಳುತ್ತದೆ. ನಿಮ್ಮ ಕೀಚೈನ್ ಹೇಳುವುದು ಹೋಂಸ್ಟೇಯ ಹೆಸರನ್ನು. ಅಷ್ಟಕ್ಕೆ ಜೀವ ತೆಗೆಯುವುದನ್ನು ನಾನು ಒಪ್ಪಲಾರೆ.

ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸುಡುವುದು ಉಳಿದ ಗಿಡಗಳು ಬದುಕಲೆಂದು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಪುಟ್ಟ ದುಂಬಿಗೆ ಅತಿಥಿಗಳು ಮನಸೋಲುವುದಿಲ್ಲ, ಅವರಿಗೆ ಬಣ್ಣದ ಚಿಟ್ಟೆಯೇ ಬೇಕು. ಮುಂದಿನ ವರ್ಷ ನಿಮ್ಮ ಆರ್ಡರ್‌ಗೆ ಯಾವ ಕಾಡಿನಿಂದ ಏನು ಬಂತೆಂದು ನಿಮಗೂ ತಿಳಿಯದು.

ಆ ರಾಶಿಯಲ್ಲಿ ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಇದ್ದರೆ? ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಕ್ಕೆ ಸೈಟಿಸ್ ಪಟ್ಟಿಯೂ 2022ರ ತಿದ್ದುಪಡಿಯಿಂದ ಬಂದಿದೆ. ಬರೀ ಹುಳು ತಾನೇ ಎನ್ನಬೇಡಿ. 2008ರಲ್ಲಿ ಡಾರ್ಜಿಲಿಂಗ್ ಹತ್ತಿರದ ಸಿಂಗಾಲಿಲಾ ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿಯಿಲ್ಲದೆ ಕೀಟ ಹಿಡಿದ ಜೆಕ್ ದೇಶದ ಇಬ್ಬರು ಬಂಧನಕ್ಕೊಳಗಾಗಿದ್ದರು.

ಅತಿಥಿಗಳ ಕೈಗೆ ನಿಮ್ಮ ತೋಟದ ಕರಿಮೆಣಸಿನ ಪೊಟ್ಟಣ ಕೊಡಿ. ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿ. ಬರ್ಡ್‌ವಿಂಗ್ ಮೊಟ್ಟೆಯಿಡುವುದು ಅದರ ಮೇಲೆ. ಔಷಧಿ ಹೊಡೆಯುವಾಗ ಆ ಬೇಲಿಯನ್ನು ಬಿಟ್ಟುಬಿಡಿ.

ಪ್ರಶ್ನೆ: ನಮ್ಮ ಐನ್‌ಮನೆಯಲ್ಲಿ (ಕೊಡವ ಕುಟುಂಬದ ಮೂಲಮನೆ) ಅಜ್ಜನ ಕಾಲದ ಜಿಂಕೆ ಕೊಂಬುಗಳಿವೆ. ನಮ್ಮ ರೆಸಾರ್ಟ್‌ನ ಲಕ್ಕಿ ಡ್ರಾದಲ್ಲಿ ಬಹುಮಾನವಾಗಿ ಇಡಬಹುದೇ?

ಉತ್ತರ: ಖಂಡಿತ ಕೂಡದು, ಮಾಲೀಕತ್ವದ ಪ್ರಮಾಣಪತ್ರ ಇದ್ದರೂ ಕೊಂಬುಗಳನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ.

ಪ್ರಶ್ನೆ: ಚಿಪ್ಪುಹಂದಿಯ ಚಿಪ್ಪಿನ ಉಂಗುರ ತೊಟ್ಟರೆ ಮೂಲವ್ಯಾಧಿ ವಾಸಿಯಾಗುತ್ತದೆಯೇ?

ಉತ್ತರ: ಇಲ್ಲ. ಚಿಪ್ಪಿನಲ್ಲಿರುವುದು ನಿಮ್ಮ ಉಗುರಿನಲ್ಲಿರುವ ಕೆರಾಟಿನ್ನೇ. ಅದನ್ನು ಮಾರುವವನು ಕಳ್ಳಬೇಟೆಯ ಪಾಲುದಾರ.

ಪ್ರಶ್ನೆ: ಹಾವು ಕಚ್ಚಿದರೆ ಈಶ್ವರಿ ಬೇರು ತೇಯ್ದು ಕುಡಿಸಬಹುದೇ?

ಉತ್ತರ: ಕುಡಿಸಬೇಡಿ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ, ಹಾವಿನ ವಿಷ ಇಳಿಸುವುದಿಲ್ಲ. ನಾಟಿ ವೈದ್ಯರ ಮನೆ ಬಾಗಿಲಲ್ಲಿ ಹೊತ್ತು ಕಳೆಯದೆ ಪ್ರತಿವಿಷ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.