ಟ್ರೈನಿಂಗ್ ಮುಗಿಸಿ ಬಂದ ಮರುದಿನ

ಪ್ರಶ್ನೆ: ಮೇಡಂ, ಆರು ವರ್ಷದಿಂದ ನರ್ಸರಿ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ವರ್ಷಕ್ಕೆ ಮೂರು ನಾಲ್ಕು ವರ್ಕ್‌ಶಾಪ್‌ಗೆ ಕಳಿಸುತ್ತಾರೆ. ಅಲ್ಲಿ ಕೂತಾಗ ಎಲ್ಲ ಚೆನ್ನಾಗಿದೆ ಅನಿಸುತ್ತದೆ, ನೋಟ್‌ಬುಕ್ ತುಂಬ ಬರೆದುಕೊಳ್ಳುತ್ತೇನೆ. ಸೋಮವಾರ ತರಗತಿಗೆ ಹೋದರೆ ಒಬ್ಬ ಅಳುತ್ತಿರುತ್ತಾನೆ, ಇನ್ನೊಬ್ಬಳು ಬಣ್ಣದ ನೀರು ಚೆಲ್ಲಿರುತ್ತಾಳೆ. ನನ್ನ ಬಾಯಲ್ಲಿ ಹಳೇ ಮಾತೇ ಬರುತ್ತದೆ. ಸರ್ಟಿಫಿಕೇಟ್‌ಗಳಿಂದ ಫೈಲ್ ಮಾತ್ರ ತುಂಬಿದೆ. ತಪ್ಪು ನನ್ನದಾ? ಮುಂದಿನ ತಿಂಗಳು ಮತ್ತೊಂದಿದೆ. ಹೋಗಲೇಬೇಕಾ?

ಉತ್ತರ: ಹೋಗಿ. ಆದರೆ ನೋಟ್‌ಬುಕ್ ಬಿಟ್ಟು ಹೋಗಿ.

ತಪ್ಪಿನಲ್ಲಿ ದೊಡ್ಡ ಪಾಲು ನನ್ನಂಥವರದ್ದು. ಟ್ರೈನಿಂಗ್ ಕೊಡಲು ಶುರು ಮಾಡಿದ ಹೊಸದರಲ್ಲಿ ‘ಆಟದ ಮೂಲಕ ಕಲಿಕೆ’ ಅಂತ ಇಡೀ ದಿನದ ವರ್ಕ್‌ಶಾಪ್ ಮಾಡಿದ್ದೆ. 84 ಸ್ಲೈಡ್! ಬೆಳಿಗ್ಗೆಯಿಂದ ಸಂಜೆವರೆಗೆ ಯಾರನ್ನೂ ಕುರ್ಚಿಯಿಂದ ಏಳಿಸಲಿಲ್ಲ. ಆಟ ಆಟ ಅಂತ ನೂರು ಸಲ ಹೇಳಿದೆ, ಒಂದು ಚೆಂಡು ಮುಟ್ಟಿಸಲಿಲ್ಲ. ಸಂಜೆ ಫಾರ್ಮ್ ಕೊಟ್ಟಾಗ ಎಲ್ಲರೂ ‘ತುಂಬಾ ಉಪಯೋಗ ಆಯಿತು’ ಅಂತ ಬರೆದರು. ನಾನೂ ನಂಬಿದೆ. ಎರಡು ತಿಂಗಳು ಬಿಟ್ಟು ಅವರಲ್ಲೊಬ್ಬರ ತರಗತಿಗೆ ಹೋಗಿ ಕೂತೆ. ಆಟದ ಸಾಮಾನೆಲ್ಲ ಬೀರುವಿನೊಳಗಿತ್ತು. ಬೀರುವಿಗೆ ಬೀಗ.

ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬಿಬ್ಬರು ಶಿಕ್ಷಣ ಸಂಶೋಧಕರು 1980ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ವಿಷಯ ಹೇಳಿದರೆ ಸಾಲದು, ಮಾಡಿ ತೋರಿಸಬೇಕು, ಶಿಕ್ಷಕರಿಂದಲೇ ಮಾಡಿಸಬೇಕು, ಹೇಗಾಯಿತು ಅಂತ ಹೇಳಬೇಕು, ಆಮೇಲೆ ತರಗತಿಯಲ್ಲೂ ಜೊತೆಗಿದ್ದು ಕೈ ಹಿಡಿದು ನಡೆಸಬೇಕು ಅಂತ. ನನ್ನ 84 ಸ್ಲೈಡು ಮೊದಲ ಮೆಟ್ಟಿಲಲ್ಲೇ ನಿಂತಿತ್ತು. ನಿಮ್ಮ ಫೈಲಿನಲ್ಲಿರುವ ಸುಮಾರು ಸರ್ಟಿಫಿಕೇಟ್‌ಗಳ ಕಥೆಯೂ ಅದೇ ಇರಬೇಕು.

ಈ ಸಲ ಹೋದಾಗ ಒಂದೇ ಒಂದು ಸಂಗತಿ ಹಿಡಿದುಕೊಂಡು ಬನ್ನಿ. ಅದನ್ನು ಅಳು ಜೋರಾಗಿರುವಾಗ ಪ್ರಯೋಗ ಮಾಡಬೇಡಿ. ಗಲಾಟೆಯಲ್ಲಿ ಯಾರ ಬಾಯಲ್ಲಾದರೂ ಹಳೇ ಮಾತೇ ಬರುವುದು, ನನಗೂ ಅಷ್ಟೇ. ಚಿತ್ರದ ಪುಸ್ತಕ ತೋರಿಸುವ ಹೊತ್ತಿನಂಥ ತಣ್ಣಗಿನ ಹೊತ್ತು ಆರಿಸಿಕೊಳ್ಳಿ.

ನಾನು ಹಿಡಿದುಕೊಂಡಿದ್ದು ಕಾಯುವುದನ್ನು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿಸಿಕೊಂಡು 1970ರ ದಶಕದಲ್ಲಿ ಒಂದು ವಿಷಯ ಹೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಎಳೆದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂತವರೂ ಬಾಯಿ ಬಿಡುತ್ತಾರೆ. ಅವರು ನೋಡಿದ್ದು ಸ್ವಲ್ಪ ದೊಡ್ಡ ಮಕ್ಕಳ ವಿಜ್ಞಾನದ ಪಾಠ. ಪುಟಾಣಿಗಳಿಗೆ ಇನ್ನೂ ಜಾಸ್ತಿ ಹೊತ್ತು ಬೇಕು ಅನ್ನುವುದು ನನ್ನ ಲೆಕ್ಕ.

ನನಗೇನು, ನಾನು ಕಾಯುತ್ತೇನೆ ಅಂದುಕೊಂಡಿದ್ದೆ. ಒಂದು ದಿನ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. “ಇದೇನು? ಆನೆ ಅಲ್ವಾ? ಹೌದು, ಆನೆ. ಎಲ್ಲಿ ನಿಂತಿದೆ? ಕೆಸರಲ್ಲಿ. ಸರಿ, ಮುಂದಿನ ಪುಟ.” ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ! ಮಾರನೇ ದಿನದಿಂದ ಪುಸ್ತಕದ ಹಿಂದೆ ಕೈ ಇಟ್ಟುಕೊಂಡು, ಹೆಬ್ಬೆರಳಿಂದ ಒಂದೊಂದೇ ಬೆರಳು ಮುಟ್ಟುತ್ತಾ ಮನಸ್ಸಲ್ಲೇ ಎಣಿಸತೊಡಗಿದೆ. ನಾಲ್ಕು ಬೆರಳು ಮುಗಿಯುವವರೆಗೆ ಮಾತಾಡುವಂತಿಲ್ಲ. ಎಷ್ಟು ಕಷ್ಟ ಗೊತ್ತಾ? ಎರಡನೇ ಬೆರಳಿಗೇ ನಾಲಿಗೆ ತುರಿಸುತ್ತದೆ. ಎರಡು ತಿಂಗಳಿಂದ ತುಟಿ ಬಿಚ್ಚದ ಹುಡುಗನೊಬ್ಬ ಅದೇ ಆನೆಯ ಪುಟ ನೋಡುತ್ತಿದ್ದ. ಕಿರುಬೆರಳಿಗೆ ಬಂದಿದ್ದೆ, “ಅದರ ಕಾಲು ಯಾರು ತೊಳೀತಾರೆ?” ಅಂದ. ಉತ್ತರ ನನ್ನ ಹತ್ತಿರ ಇರಲಿಲ್ಲ.

ಇನ್ನೊಂದು. ಪಕ್ಕದ ತರಗತಿಯ ಮಿಸ್‌ಗೆ ಹೇಳಿ, ವಾರಕ್ಕೊಮ್ಮೆ ಹತ್ತು ನಿಮಿಷ ಬಂದು ಕೂರಲಿ. ಗೋಡೆಯ ಚಾರ್ಟು ಹೇಗಿದೆ, ಮಕ್ಕಳು ಸಾಲಾಗಿ ಕೂತಿದ್ದಾರಾ, ಇದೆಲ್ಲ ಅವರಿಗೆ ಬೇಡ. ನೀವು ಕಾದಾಗ ಒಂದು ಗೀಟು, ಕಾಯದೇ ಹೋದಾಗ ಒಂದು ಸೊನ್ನೆ, ಅಷ್ಟೇ ಹಾಕಲಿ. ಮುಂದಿನ ವಾರ ನೀವು ಅವರ ತರಗತಿಗೆ ಹೋಗಿ. ನನ್ನ ಮೊದಲ ಚೀಟಿಯಲ್ಲಿ ಎರಡು ಗೀಟು, ಹದಿನೇಳು ಸೊನ್ನೆ ಇತ್ತು. ರೆಕಾರ್ಡ್ ಮಾಡುವುದಾದರೆ ಮುಖ್ಯಸ್ಥರಿಗೆ ಮೊದಲೇ ಹೇಳಿ, ಕೇಳಿದ ಮೇಲೆ ಅಳಿಸಿಬಿಡಿ.

ಪ್ರಶ್ನೆ: ನಮ್ಮ ಪುಟ್ಟ ಶಾಲೆಯಲ್ಲಿ ಹನ್ನೆರಡು ಶಿಕ್ಷಕಿಯರಿದ್ದಾರೆ. ತರಬೇತಿಗೆ ಇರುವ ಹಣ ಒಂದು ದಿನಕ್ಕೆ ಸಾಕು. ಚೆನ್ನಾಗಿ ಮಾತಾಡುವ ದೊಡ್ಡ ಹೆಸರಿನವರನ್ನು ಕರೆಸಲಾ?

ಉತ್ತರ: ಬೇಡ. ಆ ಒಂದು ದಿನವನ್ನೇ ಒಡೆಯಿರಿ. ತರಬೇತಿ ಕೊಡುವವರು ಮೊದಲು ಅರ್ಧ ದಿನ ಕಲಿಸಲಿ. ತಿಂಗಳು ಬಿಟ್ಟು ಮತ್ತೆ ಬಂದು ಉಳಿದರ್ಧ ದಿನ ತರಗತಿಗಳಲ್ಲಿ ಕೂರಲಿ. ಕರೆಯುವ ಮುಂಚೆ “ತರಗತಿಗೆ ಬರುತ್ತೀರಾ?” ಅಂತ ಕೇಳಿ. ಅವರು ಪ್ರೊಜೆಕ್ಟರ್ ಇದೆಯಾ ಅಂತ ಮಾತ್ರ ವಿಚಾರಿಸಿದರೆ ಬೇರೆಯವರನ್ನು ಹುಡುಕಿ.

ವಿಷಯವೂ ಚಿಕ್ಕದಿರಲಿ. 1988ರಲ್ಲಿ ವೈಟ್‌ಹರ್ಸ್ಟ್ ಎಂಬ ಅಮೆರಿಕದ ಸಂಶೋಧಕ ಮತ್ತು ಜೊತೆಗಾರರು ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರಿಗೆ ಕಲಿಸಿದ್ದು ಚಿತ್ರಪುಸ್ತಕ ಓದುವ ರೀತಿ ಒಂದನ್ನೇ. ಸುಮ್ನೆ ಓದಿಕೊಂಡು ಹೋಗಬೇಡಿ, ಮಗುವಿನ ಬಾಯಿಂದ ಹೇಳಿಸಿ, ಅದು ಹೇಳಿದ್ದಕ್ಕೆ ಇನ್ನೊಂದೆರಡು ಪದ ಸೇರಿಸಿ ಹೇಳಿ ಅಂತ. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಮುಂದಿದ್ದರು. ನಿಮ್ಮ ಹನ್ನೆರಡು ಜನಕ್ಕೂ ಅಷ್ಟು ಸಾಕು.

ಪ್ರಶ್ನೆ: ಸಹಾಯಕಿಯರನ್ನೂ ವರ್ಕ್‌ಶಾಪ್‌ಗೆ ಕರೆಯಬೇಕಾ?

ಉತ್ತರ: ಮಗು ಬಿದ್ದು ಅತ್ತರೆ ಮೊದಲು ಓಡಿಹೋಗಿ ಎತ್ತಿಕೊಳ್ಳುವುದು ಯಾರು? ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿ. ಟೀ ಲೋಟ ತೊಳೆಯಲು ಕಳಿಸಬೇಡಿ.