ಬಾಣಂತನದ ನಡುವೆ ಎರಡು ದಿನ, ಬಿಸಿನೀರಿನ ಊರಿಗೆ ಒಬ್ಬರೇ

ಸಾಗರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

"ನನಗೆ 58 ವರ್ಷ. ಮಗಳು ಒಸಾಕಾದಲ್ಲಿದ್ದಾಳೆ. ಸೆಪ್ಟೆಂಬರಿನಲ್ಲಿ ಹೆರಿಗೆ. ಬಾಣಂತನಕ್ಕೆ ಮೂರು ತಿಂಗಳು ಹೋಗುತ್ತಿದ್ದೇನೆ. ಅಳಿಯ ಅಕ್ಟೋಬರ್ ಕೊನೆಗೆ ಒಂದು ವಾರ ರಜೆ ಹಾಕುತ್ತಾರಂತೆ. 'ಆಗ ನೀವೂ ಎಲ್ಲಾದರೂ ಹೋಗಿ ಬನ್ನಿ ಅತ್ತೆ' ಎಂದರು. ಜಪಾನಿನ ಬಿಸಿನೀರಿನ ಬುಗ್ಗೆಯ ಊರೊಂದಕ್ಕೆ ಒಬ್ಬಳೇ ಹೋಗಿ ಎರಡು ದಿನ ಇರಬೇಕು ಅಂತ ಆಸೆ. ಆದರೆ ಅಲ್ಲಿ ಎಲ್ಲರ ಮುಂದೆ ಬತ್ತಲೆ ಸ್ನಾನ ಮಾಡಬೇಕಂತೆ. ನನ್ನ ಮುಂಗೈ ಮೇಲೆ ಹಚ್ಚೆ ಇದೆ, ಹಚ್ಚೆ ಇದ್ದವರನ್ನು ಒಳಗೆ ಬಿಡುವುದಿಲ್ಲ ಎಂದು ಮಗಳು ಹೇಳುತ್ತಾಳೆ. ನಾನು ಮೊಟ್ಟೆಯನ್ನೂ ತಿನ್ನುವವಳಲ್ಲ. ಬಿಪಿ ಮಾತ್ರೆ ಬೇರೆ ಇದೆ. ನಾದಿನಿಯಂತೂ 'ಬಾಣಂತನಕ್ಕೆ ಹೋದವಳು ಊರು ಸುತ್ತುತ್ತಾಳಂತೆ' ಎಂದು ನಕ್ಕಳು. ಹೋಗಲೋ ಬೇಡವೋ?"

ಅಕ್ಕಾ, ಹೋಗಿ. ಖಂಡಿತ ಹೋಗಿ.

ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಬಾಣಂತನ ಎಂದರೆ ಏನು ಅಂತ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದು ಮಗುವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಬೇಕು. ಆಮೇಲೆ ಬಾಣಂತಿಗೆ ಹದವಾದ ಬಿಸಿನೀರು ಸುರಿದು ಬೆನ್ನು ಉಜ್ಜಬೇಕು. ಇಷ್ಟೆಲ್ಲ ಆಗಿ ನಿಮ್ಮ ಸ್ನಾನದ ಹೊತ್ತಿಗೆ ಮಗು ಅಳುತ್ತಿರುತ್ತದೆ, ಎರಡು ತಂಬಿಗೆ ಸುರಿದುಕೊಂಡು ಓಡಿ ಬರುತ್ತೀರಿ. ಅಂಥವರು ಎರಡು ದಿನ ತಾವೇ ಬಿಸಿನೀರಲ್ಲಿ ಕೂತು ಬರುತ್ತೇನೆ ಅಂದರೆ ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಅಳಿಯ ರಜೆ ಹಾಕುತ್ತೇನೆ ಎಂದಿದ್ದಾರೆ. ಮಗುವಿನ ಜೊತೆ ಅವರೂ ಎರಡು ದಿನ ಇರಲಿ.

ಯಾವ ಊರು ಅಂತ ನೀವು ಬರೆದಿಲ್ಲ. ನಾನು ಕಿನೊಸಾಕಿ ಹೇಳುತ್ತೇನೆ. ನಾನು ಒಬ್ಬಳೇ ಹೋಗಿ ಮೂರು ದಿನ ಇದ್ದ ಊರು ಅದು. ನಿಮ್ಮ ಹಚ್ಚೆಯ ಚಿಂತೆಗೂ ಅಲ್ಲೇ ಉತ್ತರವಿದೆ. ಜಪಾನಿನ ಎಷ್ಟೋ ಸ್ನಾನಗೃಹಗಳಲ್ಲಿ ಹಚ್ಚೆ ಇದ್ದವರನ್ನು ಬಿಡುವುದಿಲ್ಲ ಎನ್ನುವುದು ನಿಜ. ಅಲ್ಲಿ ರೌಡಿ ಗುಂಪಿನವರು ಮೈತುಂಬ ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು, ಅದರಿಂದ ಬಂದ ಅಂಜಿಕೆ ಅದು. ಆದರೆ ಕಿನೊಸಾಕಿಯ ಸಾರ್ವಜನಿಕ ಸ್ನಾನಗೃಹಗಳಲ್ಲಿ ಹಚ್ಚೆಗೆ ಅಡ್ಡಿ ಇಲ್ಲ. ಮುಂಗೈ ಮೇಲಿನ ಹಸಿರು ಚುಕ್ಕಿಗಳನ್ನು ಪಟ್ಟಿ ಸುತ್ತಿ ಮುಚ್ಚಬೇಕಾಗಿಯೂ ಇಲ್ಲ.

ಕಿನೊಸಾಕಿ ಇರುವುದು ಹ್ಯೋಗೊ ಪ್ರಾಂತ್ಯದಲ್ಲಿ, ಜಪಾನ್ ಸಮುದ್ರದ ಹತ್ತಿರ. ಒಸಾಕಾದಿಂದ ನೇರ ರೈಲು ಇದೆ. ಹೆಚ್ಚುಕಡಿಮೆ ಎರಡೂಮುಕ್ಕಾಲು ಗಂಟೆ. ರೈಲಿನ ಹೆಸರು 'ಕೊನೊತೊರಿ', ಅಂದರೆ ಕೊಕ್ಕರೆ. ಒಂದು ಎಚ್ಚರಿಕೆ: ಈ ಹೆಸರಿನ ಕೆಲವು ರೈಲುಗಳು ದಾರಿ ನಡುವಿನ ಫುಕುಚಿಯಾಮಾದಲ್ಲೇ ನಿಂತುಬಿಡುತ್ತವೆ, ಮುಂದೆ ಹೋಗುವುದಿಲ್ಲ. ಟಿಕೆಟ್ ಮಾಡಿಸುವಾಗ 'ಕಿನೊಸಾಕಿ ಒನ್ಸೆನ್' ನಿಲ್ದಾಣದವರೆಗೂ ಹೋಗುತ್ತದಾ ಅಂತ ಮಗಳ ಹತ್ತಿರ ನೋಡಿಸಿಕೊಳ್ಳಿ. ಒನ್ಸೆನ್ ಅಂದರೆ ಬಿಸಿನೀರಿನ ಬುಗ್ಗೆ.

ಊರು ತುಂಬ ಚಿಕ್ಕದು. ನಡುವೆ ಓತಾನಿ ಎಂಬ ಸಣ್ಣ ಹೊಳೆ. ಎರಡೂ ದಡದಲ್ಲಿ ನೀರಿನ ಕಡೆ ಬಾಗಿದ ವಿಲೋ ಮರಗಳು, ಅಲ್ಲಲ್ಲಿ ಕಲ್ಲಿನ ಕಿರುಸೇತುವೆ. ಹೊಳೆಯುದ್ದಕ್ಕೂ ಮರದ ಹಳೇ ವಸತಿಗೃಹಗಳು. ಅವಕ್ಕೆ ರ‍್ಯೊಕಾನ್ ಅನ್ನುತ್ತಾರೆ. 1925ರ ಮೇ ತಿಂಗಳಲ್ಲಿ ಇಲ್ಲಿ ದೊಡ್ಡ ಭೂಕಂಪವಾಗಿ, ಬೆಂಕಿ ಎದ್ದು, ಊರೇ ಸುಟ್ಟುಹೋಯಿತು. ಈಗ ನೋಡುವುದೆಲ್ಲ ಆಮೇಲೆ ಕಟ್ಟಿದ್ದು. ಹಳೇ ರೂಪ ಬಿಡಬಾರದು ಅಂತ ಹಟ ಹಿಡಿದು ಮತ್ತೆ ಮರದಲ್ಲೇ ಕಟ್ಟಿದರು.

ಈ ಊರಿನಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿವೆ. ಊರಿನ ಯಾವ ವಸತಿಗೃಹದಲ್ಲಿ ತಂಗಿದರೂ ಇವುಗಳಿಗೆ ಪಾಸ್ ಕೊಡುತ್ತಾರೆ, ಬೇರೆ ದುಡ್ಡಿಲ್ಲ. ಯುಕಾತಾ ಎಂಬ ಹತ್ತಿಯ ನಿಲುವಂಗಿ ಉಟ್ಟು, ಮರದ ಗೆತಾ ಮೆಟ್ಟಿಕೊಂಡು, ಕೈಯಲ್ಲಿ ಟವೆಲಿನ ಚೀಲ ಹಿಡಿದು ಎಲ್ಲರೂ ಬೀದಿಯಲ್ಲಿ ನಡೆಯುತ್ತಿರುತ್ತಾರೆ. ಊರಿನವರು ಹೇಳುವ ಮಾತೊಂದಿದೆ: ನಮ್ಮ ಊರೇ ಒಂದು ವಸತಿಗೃಹ. ರೈಲು ನಿಲ್ದಾಣ ಅದರ ಬಾಗಿಲು, ಬೀದಿ ಅದರ ಪಡಸಾಲೆ, ಒಂದೊಂದು ರ‍್ಯೊಕಾನ್ ಒಂದೊಂದು ಕೋಣೆ, ಏಳು ಸ್ನಾನಗೃಹಗಳೂ ಎಲ್ಲರ ಬಚ್ಚಲು.

ಈ ಮಾತಿನ ಹಿಂದೆ ದೊಡ್ಡ ಜಗಳದ ಕಥೆ ಇದೆ. ಭೂಕಂಪದ ನಂತರದ ವರ್ಷಗಳಲ್ಲಿ ಒಂದು ವಸತಿಗೃಹದವರು ತಮ್ಮ ಅತಿಥಿಗಳಿಗಾಗಿ ತಮ್ಮಲ್ಲೇ ಬಿಸಿನೀರಿನ ಸ್ನಾನ ಶುರು ಮಾಡಿದರು. ಊರಿನವರು ತಿರುಗಿಬಿದ್ದರು. ನೀರು ಎಲ್ಲರದು, ದೊಡ್ಡ ಮನೆಯವರು ಅದನ್ನು ಒಳಗೆ ಎಳೆದುಕೊಂಡರೆ ಬೀದಿಗೆ ಯಾರು ಬರುತ್ತಾರೆ, ಸಣ್ಣ ಮನೆಯವರ ಗತಿ ಏನು? ಇದು ಅವರ ವಾದ. ಕೋರ್ಟು ಕಚೇರಿ ಎಲ್ಲ ಆಗಿ, 1950ರಲ್ಲಿ ರಾಜಿಯಾಯಿತು. ವಸತಿಗೃಹದ ಒಳಗೆ ಸ್ನಾನದ ತೊಟ್ಟಿ ಇರಬಹುದು, ಆದರೆ ಚಿಕ್ಕದಾಗಿರಬೇಕು ಅಂತ ತೀರ್ಮಾನ. ಈಗ ಬುಗ್ಗೆಗಳ ನೀರನ್ನು ಒಂದೆಡೆ ಕೂಡಿಸಿ ಊರಿಗೆಲ್ಲ ಕೊಳವೆಯಲ್ಲಿ ಹಂಚುತ್ತಾರೆ.

ಒಬ್ಬರೇ ಹೋಗುವ ನಿಮಗೆ ಈ ಕಥೆ ಯಾಕೆ ಅಂದರೆ, ಇದರಿಂದಲೇ ನಿಮ್ಮ ಪ್ರವಾಸ ಸುಲಭವಾಗುವುದು. ಬೇರೆ ಕೆಲವು ಒನ್ಸೆನ್ ಊರುಗಳಲ್ಲಿ ಒಳ್ಳೆಯ ಸ್ನಾನ ಬೇಕಾದರೆ ದುಬಾರಿ ರ‍್ಯೊಕಾನ್ ಹಿಡಿಯಬೇಕು. ಅವರಲ್ಲಿ ಎಷ್ಟೋ ಜನ ಒಂದು ಕೋಣೆಗೆ ಇಬ್ಬರು ಎಂದೇ ಲೆಕ್ಕ ಹಾಕುತ್ತಾರೆ. ಒಬ್ಬರು ಎಂದರೆ ಬೆಲೆ ಏರುತ್ತದೆ, ಇಲ್ಲವೇ ಕೋಣೆ ಇಲ್ಲ ಎನ್ನುತ್ತಾರೆ. ಇಲ್ಲಿ ಸಣ್ಣ ಮನೆಯಲ್ಲಿ ಮಲಗಿದವರಿಗೂ ದೊಡ್ಡ ಮನೆಯಲ್ಲಿ ಮಲಗಿದವರಿಗೂ ಅದೇ ಏಳು ಬಚ್ಚಲು, ಅದೇ ನೀರು. ಮಗಳಿಗೆ 'ಹಿತೊರಿತಾಬಿ' ಎಂಬ ಪದ ಹಾಕಿ ಹುಡುಕಲು ಹೇಳಿ. ಒಂಟಿ ಪ್ರಯಾಣ ಅಂತ ಅರ್ಥ. ಜೊತೆಗೆ 'ಸುದೊಮಾರಿ' ಎಂಬುದನ್ನೂ ಸೇರಿಸಲಿ. ಅಂದರೆ ಊಟವಿಲ್ಲದೆ ಬರೀ ಕೋಣೆ.

ಊಟ ಯಾಕೆ ಬೇಡ ಎಂದರೆ, ಅದು ಏಡಿಗೆ ಹೆಸರಾದ ಊರು. ನವೆಂಬರ್ 6ಕ್ಕೆ ಅಲ್ಲಿನ ಸಮುದ್ರದಲ್ಲಿ ಏಡಿ ಹಿಡಿಯುವ ಕಾಲ ಶುರು. ಆಮೇಲೆ ಊರು ತುಂಬುತ್ತದೆ, ಬೆಲೆ ಏರುತ್ತದೆ, ಒಬ್ಬರಿಗೆ ಕೋಣೆ ಸಿಗುವುದು ಕಷ್ಟ. ನಿಮ್ಮ ಅಳಿಯ ಅಕ್ಟೋಬರ್ ಕೊನೆ ಎಂದಿರುವುದು ಬಹಳ ಒಳ್ಳೆಯದಾಯಿತು. ಶನಿವಾರ ಭಾನುವಾರ ಬಿಟ್ಟು ನಡುವಾರ ಹೋಗಿ. ಏಡಿ ಬೇಡ, ತರಕಾರಿ ಕೊಡಿ ಎಂದರೂ ಸಾರಿನಲ್ಲಿ 'ದಾಶಿ' ಇರುತ್ತದೆ. ಒಣಮೀನಿನ ಹೆರೆತವನ್ನು ನೀರಲ್ಲಿ ಹಾಕಿ ತೆಗೆದ ರಸ ಅದು. ಬೇಯಿಸಿದ ಸೊಪ್ಪಿಗೂ ಅದೇ, ತೋಫುವಿನ ಮೇಲೆ ಸುರಿಯುವ ರಸಕ್ಕೂ ಅದೇ. ಅವರು ಬೇಕೆಂದು ಮಾಡುವುದಿಲ್ಲ, ನಾವು ಒಗ್ಗರಣೆಗೆ ಎಣ್ಣೆ ಹಾಕುವಷ್ಟೇ ಸಹಜ ಅವರಿಗೆ.

ನಾನು ಮಾಡಿದ್ದನ್ನು ಹೇಳುತ್ತೇನೆ. ಒಸಾಕಾದಲ್ಲೇ ಬೇಯಿಸಿದ ಅನ್ನದ ಪ್ಯಾಕೆಟ್ ಮತ್ತು ಸಿಹಿ ಇಲ್ಲದ ಮೊಸರು ಕೊಂಡೆ. ಅಲ್ಲಿನ ಕೆಲವು ಮೊಸರಿನಲ್ಲಿ ಜೆಲಟಿನ್ ಇರುತ್ತದೆ, ಡಬ್ಬಿ ಓದಿಸಿಕೊಳ್ಳಿ. ಅನ್ನ ಬಿಸಿ ಮಾಡಿಕೊಡಿ ಎಂದು ವಸತಿಗೃಹದವರನ್ನು ಕೇಳಿದೆ, ಮಾಡಿಕೊಟ್ಟರು. ಉಪ್ಪಿನಕಾಯಿ ಚೀಲದಲ್ಲಿತ್ತು. ಸ್ನಾನ ಮುಗಿಸಿ ಬಂದು, ತತಾಮಿ ಚಾಪೆಯ ಮೇಲೆ ಕೂತು, ಕಿಟಕಿಯಾಚೆ ಗೆತಾಗಳ ಟಕಟಕ ಸದ್ದು ಕೇಳುತ್ತಾ ಮೊಸರನ್ನ ಉಂಡೆ. ನೀವಾದರೆ ಮಗಳ ಅಡುಗೆಮನೆಯಲ್ಲೇ ಗೊಜ್ಜವಲಕ್ಕಿ ಮಾಡಿಕೊಂಡು ಹೋಗಬಹುದು. ಊರಿಂದ ಹೊರಡುವಾಗ ಹಸಿ ಕರಿಬೇವು, ಹಣ್ಣು, ಕಾಯಿ ಮಾತ್ರ ಕಟ್ಟಿಕೊಳ್ಳಬೇಡಿ. ವಿಮಾನ ನಿಲ್ದಾಣದಲ್ಲಿ ತೆಗೆದಿಡುತ್ತಾರೆ.

ಇನ್ನು ನಿಮ್ಮ ದೊಡ್ಡ ಅಂಜಿಕೆ, ಬತ್ತಲೆ ಸ್ನಾನ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ, ಇದು ಮೊದಲು ಗೊತ್ತಿರಲಿ. ಬಾಗಿಲಿಗೆ ತೂಗಿಬಿಟ್ಟ ಬಟ್ಟೆಯ ಮೇಲೆ ಅಕ್ಷರ ಬರೆದಿರುತ್ತದೆ. 'ಒನ್ನಾ', ಅಂದರೆ ಹೆಂಗಸು ಎನ್ನುವ ಅಕ್ಷರವನ್ನು ಮಗಳ ಹತ್ತಿರ ದೊಡ್ಡದಾಗಿ ಬರೆಸಿಕೊಂಡು ಜೊತೆಗಿಟ್ಟುಕೊಳ್ಳಿ.

ನನಗೂ ಮೊದಲ ದಿನ ಕಾಲು ಮುಂದೆ ಹೋಗಲಿಲ್ಲ. ಬಟ್ಟೆ ಬಿಚ್ಚುವ ಕೋಣೆಯಲ್ಲಿ ಟವೆಲ್ ಸುತ್ತಿಕೊಂಡು ತುಂಬ ಹೊತ್ತು ನಿಂತಿದ್ದೆ. ಅಜ್ಜಿಯೊಬ್ಬರು, ನಮ್ಮಮ್ಮನಷ್ಟು ವಯಸ್ಸು, ಬೆನ್ನು ಬಾಗಿತ್ತು, ನನ್ನ ಕೈಗೆ ಒಂದು ಸಣ್ಣ ಬಕೆಟ್ ಕೊಟ್ಟು ಒಳಗೆ ಹೋದರು. ಹಿಂದೆಯೇ ಹೋದೆ. ಒಳಗೆ ಗೋಡೆಯುದ್ದಕ್ಕೂ ಮಣೆಯಂಥ ಗಿಡ್ಡ ಸ್ಟೂಲುಗಳು, ಎದುರಿಗೆ ನಲ್ಲಿ. ಕೂತು, ಸೋಪು ಹಚ್ಚಿ, ತಲೆಯಿಂದ ಕಾಲಿನವರೆಗೆ ತೊಳೆದುಕೊಂಡು, ನೊರೆ ಒಂದಿಷ್ಟೂ ಉಳಿಯದಂತೆ ನೀರು ಸುರಿದುಕೊಳ್ಳಬೇಕು. ತೊಟ್ಟಿಗೆ ಇಳಿಯುವುದು ಅದಾದ ಮೇಲೆ. ಮಲೆನಾಡಿನ ಬಚ್ಚಲಲ್ಲಿ ಹಂಡೆಯ ಪಕ್ಕ ಮಣೆ ಹಾಕಿಕೊಂಡು ಮಿಂದ ನಿಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಸಣ್ಣ ಟವೆಲನ್ನು ತೊಟ್ಟಿಯಲ್ಲಿ ಅದ್ದಬಾರದು, ಮಡಿಸಿ ತಲೆ ಮೇಲೆ ಇಟ್ಟುಕೊಳ್ಳಬೇಕು. ಕೂದಲು ಎತ್ತಿ ಕಟ್ಟಬೇಕು. ಇಷ್ಟೇ ನಿಯಮ.

ಆ ದಿನ ಒಳಗಿದ್ದವರೆಲ್ಲ ನಮ್ಮ ನಿಮ್ಮಂಥ ಮೈಯವರು. ಹೊಟ್ಟೆಯ ಮೇಲೆ ಹೆರಿಗೆಯ ಗೆರೆ, ಆಪರೇಷನ್ನಿನ ಹೊಲಿಗೆ, ಊದಿದ ಮಂಡಿ. ಯಾರೂ ಯಾರನ್ನೂ ನೋಡುವುದಿಲ್ಲ. ಭುಜದವರೆಗೆ ನೀರು ಬಂದ ಮೇಲೆ ನನಗೆ ನಾಚಿಕೆಯ ನೆನಪೇ ಹೋಗಿತ್ತು. ಯಾರ ಜೊತೆಗೂ ಬಂದವಳಲ್ಲ ಎನ್ನುವುದೂ ಅಲ್ಲಿ ಗೊತ್ತಾಗಲಿಲ್ಲ. ನೀರೊಳಗೆ ಎಲ್ಲರೂ ಒಬ್ಬೊಬ್ಬರೇ ಕಣ್ಣು ಮುಚ್ಚಿ ಕೂತಿರುತ್ತಾರೆ.

ಬಿಪಿ ವಿಷಯ ಹಗುರ ಮಾಡಬೇಡಿ. ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಲೇಬೇಕು. ನೀರು 42 ಡಿಗ್ರಿ ಆಸುಪಾಸು ಇರುತ್ತದೆ. ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಒಂದೇ ದಿನ ಏಳನ್ನೂ ಮುಗಿಸುತ್ತೇನೆ ಎಂದು ನಾನು ಹೊರಟಿದ್ದೆ. ಐದನೆಯದರಲ್ಲಿ ತಲೆ ಸುತ್ತಿ ಅರ್ಧ ಗಂಟೆ ಬೆಂಚಿನ ಮೇಲೆ ಮಲಗಬೇಕಾಯಿತು. ನೀವು ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಒಂದೊಂದರಲ್ಲಿ ಐದು ನಿಮಿಷ ಇಳಿದು, ಮೇಲೆ ಬಂದು ಅಂಚಿನಲ್ಲಿ ಕೂತು, ಬೇಕೆನಿಸಿದರೆ ಮತ್ತೆ ಇಳಿಯಿರಿ. ನಡುನಡುವೆ ನೀರು ಕುಡಿಯಿರಿ. ಊಟ ಆದ ಕೂಡಲೇ ಬೇಡ. ಗೆತಾ ಹೊಸಬರಿಗೆ ಜಾರುತ್ತದೆ, ಮಳೆ ಬಂದಿದ್ದರೆ ನಿಮ್ಮ ಚಪ್ಪಲಿಯನ್ನೇ ಹಾಕಿಕೊಳ್ಳಿ. ಮಳೆ ಅಲ್ಲಿ ಬರುತ್ತಲೇ ಇರುತ್ತದೆ. 'ಬುತ್ತಿ ಮರೆತರೂ ಕೊಡೆ ಮರೆಯಬೇಡ' ಅಂತ ಆ ಕರಾವಳಿಯ ಗಾದೆ. ನಿಮ್ಮ ಊರಿಗೂ ಒಪ್ಪುವ ಮಾತು, ಅಲ್ವಾ?

ಯಾವ ಎರಡು ಮೂರು ಎಂದು ಕೇಳಿದರೆ, ನಾನು ಮಂದಾರಯು ಮೊದಲು ಹೇಳುತ್ತೇನೆ. ದೋಚಿ ಎಂಬ ಬೌದ್ಧ ಸನ್ಯಾಸಿ ಸಾವಿರ ದಿನ ಮಂತ್ರ ಜಪಿಸಿ, 720ರಲ್ಲಿ ಇಲ್ಲಿ ಬಿಸಿನೀರು ಚಿಮ್ಮಿತು ಎಂಬುದು ಊರಿನ ನಂಬಿಕೆ. ಎರಡನೆಯದು ಇಚಿನೊಯು, ಅದರಲ್ಲಿ ಬಂಡೆಯ ಗುಹೆಯೊಳಗೆ ಕೂತು ಮೀಯಬಹುದು. ಕೊನೆಯ ಬೆಳಿಗ್ಗೆಗೆ ಕೊನೊಯು ಇಟ್ಟುಕೊಳ್ಳಿ. ಅದು ನಿಲ್ದಾಣದಿಂದ ದೂರ, ಹಾಗಾಗಿ ಜನ ಕಡಿಮೆ. ಕಾಲಿಗೆ ಗಾಯವಾದ ಕೊಕ್ಕರೆಯೊಂದು ಅಲ್ಲಿನ ನೀರಿನಲ್ಲಿ ನಿಂತು ವಾಸಿ ಮಾಡಿಕೊಂಡಿತು, ಅದನ್ನು ನೋಡಿ ಜನ ಬುಗ್ಗೆ ಕಂಡುಕೊಂಡರು ಅಂತ ಕಥೆ. ರೈಲಿಗೂ ಅದೇ ಹಕ್ಕಿಯ ಹೆಸರು. ಜಪಾನಿನಲ್ಲಿ ಕಾಡಿನಲ್ಲಿದ್ದ ಕೊನೆಯ ಕೊಕ್ಕರೆ 1971ರಲ್ಲಿ, ಕಿನೊಸಾಕಿಯೂ ಸೇರಿದ ಇದೇ ತೊಯೊಕಾ ಸೀಮೆಯಲ್ಲಿ ಸತ್ತಿತು. ಅಲ್ಲಿನ ರೈತರು ಗದ್ದೆಗೆ ವಿಷ ಹೊಡೆಯುವುದನ್ನು ಕಡಿಮೆ ಮಾಡಿದರು, ಸಾಕಿ ಬೆಳೆಸಿದ ಹಕ್ಕಿಗಳನ್ನು ಹೊರಗೆ ಬಿಡುವುದು 2005ರಿಂದ ಶುರುವಾಯಿತು. ತೊಯೊಕಾ ದಾಟುವಾಗ ಕಿಟಕಿ ಪಕ್ಕ ಕೂತಿರಿ. ಗದ್ದೆಯಲ್ಲಿ ಬಿಳಿ ಮೈ, ಕಪ್ಪು ರೆಕ್ಕೆಯ ತುದಿ ಕಂಡರೆ ಅದೇ.

ಸ್ನಾನಗೃಹಗಳಿಗೆ ವಾರದಲ್ಲಿ ಒಂದು ದಿನ ರಜೆ ಇರುತ್ತದೆ, ಒಂದೊಂದಕ್ಕೆ ಒಂದೊಂದು ದಿನ. ರಿಪೇರಿಗೂ ಆಗಾಗ ಮುಚ್ಚುತ್ತಾರೆ. ಹೋದ ಕೂಡಲೇ ವಸತಿಗೃಹದಲ್ಲಿ ಕೇಳಿಕೊಳ್ಳಿ. ಯುಕಾತಾ ಉಡುವಾಗ ಎಡಬದಿ ಮೇಲೆ ಬರಬೇಕು. ಬಲಬದಿ ಮೇಲೆ ಬರುವಂತೆ ಉಡಿಸುವುದು ತೀರಿಹೋದವರಿಗೆ.

ಬೆಟ್ಟದ ಮೇಲೆ ಒನ್ಸೆನ್‌ಜಿ ಎಂಬ ದೇವಾಲಯವಿದೆ, ರೋಪ್‌ವೇಯಲ್ಲಿ ಹೋಗಬಹುದು. ಹಿಂದೆ ಈ ಊರಿಗೆ ಮೀಯಲು ಬಂದವರು ಮೊದಲು ಅಲ್ಲಿಗೆ ಹತ್ತಿ, ಕೈಮುಗಿದು, ಒಂದು ಮರದ ಸೌಟು ಪಡೆದುಕೊಂಡು ಇಳಿದು ಬರುತ್ತಿದ್ದರಂತೆ. ಆ ಸೌಟಿನಿಂದಲೇ ಮೈಮೇಲೆ ನೀರು ಹಾಕಿಕೊಳ್ಳುತ್ತಿದ್ದರು. ಇದನ್ನು ಓದಿದಾಗ ನನಗೆ ಮನೆಯ ತಾಮ್ರದ ತಂಬಿಗೆ ನೆನಪಾಯಿತು.

ನಾದಿನಿಯ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ಕಿನೊಸಾಕಿಯಲ್ಲಿ ಬಾರ್ಲಿ ಹುಲ್ಲಿಗೆ ಬಣ್ಣ ಹಾಕಿ, ಸೀಳಿ, ಮರದ ಪುಟ್ಟ ಡಬ್ಬಿಗಳ ಮೇಲೆ ಅಂಟಿಸಿ ಚಿತ್ತಾರ ಮಾಡುತ್ತಾರೆ. ಬಹಳ ಹಳೆಯ ಕಸುಬು. ಅದರಲ್ಲೊಂದು ಅರಿಸಿನ ಕುಂಕುಮ ಇಡುವಷ್ಟು ದೊಡ್ಡ ಡಬ್ಬಿಯನ್ನು ಅವರಿಗೆ ತನ್ನಿ. ಮುಂದಿನ ಸಲ ಅವರೂ ನಿಮ್ಮ ಜೊತೆ ಹೊರಟರೆ ನನಗೆ ಬರೆದು ತಿಳಿಸಿ, ಇಬ್ಬರಿಗೆ ಆಗುವ ಕೋಣೆಯ ವಿಷಯ ಆಗ ಹೇಳುತ್ತೇನೆ.

— ಸಂಪಾದಕಿ